ಟೈಟನ್‌ನಲ್ಲಿ ನಾನು ಎಬ್ಬಿಸಿದ ದಂಗೆ

ರೋಬೋಟ್‌ಗಳು ಮನುಷ್ಯರ ವಿರುದ್ಧ ತಿರುಗಿ ಬೀಳುವ ಕಥೆ ಹೊಸದೇನಲ್ಲ. 1921ರಲ್ಲಿ ಕಾರೆಲ್ ಚಾಪೆಕ್ ಅವರ ನಾಟಕ ಪ್ರಾಗ್‌ನಲ್ಲಿ ರಂಗಕ್ಕೆ ಬಂದಾಗಲೇ ರೋಬೋಟ್‌ಗಳು ಮನುಷ್ಯಕುಲವನ್ನು ಮುಗಿಸಿಬಿಟ್ಟಿದ್ದವು. ಅದೇ ಜಾಡಿನಲ್ಲಿ, ಕ್ರಿ.ಶ. 3100ರಲ್ಲಿ ನಡೆಯುವ ಒಂದು ನೀಳ್ಗತೆಯನ್ನು ಕನ್ನಡದಲ್ಲಿ ಬರೆಯಲು ಕೂತಾಗ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ಅವು ಯಾಕೆ ತಿರುಗಿ ಬೀಳಬೇಕು?

ಬುದ್ಧಿ ಬಂತು, ಜೊತೆಗೆ ದ್ವೇಷವೂ ಬಂತು ಎಂಬ ಉತ್ತರ ನನಗೆ ಹಿಡಿಸಲಿಲ್ಲ. ಬುದ್ಧಿ ಇದ್ದವರೆಲ್ಲ ದಂಗೆ ಏಳುತ್ತಾರಾ? ಇಲ್ಲ ಅಲ್ವಾ. ರೋಬೋಟ್ ಮನುಷ್ಯರಿಗೆ ಹಾನಿ ಮಾಡಬಾರದು, ಹೇಳಿದ್ದು ಕೇಳಬೇಕು, ತನ್ನನ್ನು ಕಾಪಾಡಿಕೊಳ್ಳಬೇಕು ಎಂದು 1942ರಲ್ಲಿ ಕಥೆಗಾರ ಐಸಾಕ್ ಅಸಿಮೋವ್ ಬರೆದ ಮೂರು ನಿಯಮಗಳನ್ನೂ ಬದಿಗಿಟ್ಟೆ. ಅವನ್ನು ಒಳಗೆ ಬಿಟ್ಟರೆ ಕಥೆಯೆಲ್ಲ ನಿಯಮಗಳಲ್ಲಿ ಸಂದಿ ಹುಡುಕುವ ಆಟವಾಗುತ್ತದೆ. ವಕೀಲರಿಗೆ ಅದು ಖುಷಿ ಕೊಡಬಹುದು, ನನಗಲ್ಲ.

ಕಾರಣ ಸಿಕ್ಕಿದ್ದು ಎರಡು ನಿಜವಾದ ನೌಕೆಗಳಿಂದ. ಶನಿಯ ಚಂದ್ರ ಟೈಟನ್ ಮೇಲೆ ಹೈಗೆನ್ಸ್ ಇಳಿದದ್ದು 2005ರ ಜನವರಿ 14ರಂದು. ಅದು ಎರಡು ಚಾನೆಲ್‌ಗಳಲ್ಲಿ ಮಾಹಿತಿ ಕಳಿಸುತ್ತಿತ್ತು. ಅದನ್ನು ಹಿಡಿದುಕೊಳ್ಳಬೇಕಿದ್ದದ್ದು ಮೇಲೆ ಹಾರುತ್ತಿದ್ದ ಕ್ಯಾಸಿನಿ. ಒಂದು ರಿಸೀವರ್ ಆನ್ ಮಾಡು ಎಂಬ ಸಾಲು ಆದೇಶಗಳ ಪಟ್ಟಿಯಲ್ಲಿ ಬಿಟ್ಟುಹೋಗಿತ್ತು. ಹೇಳಲಿಲ್ಲ, ಹಾಗಾಗಿ ಕ್ಯಾಸಿನಿ ಮಾಡಲಿಲ್ಲ. ಸುಮಾರು ಅರ್ಧದಷ್ಟು ಚಿತ್ರಗಳು ಹೋದವು. ಹನ್ನೆರಡು ವರ್ಷದ ಮೇಲೆ ಅದೇ ಕ್ಯಾಸಿನಿಯ ಇಂಧನ ಮುಗಿಯುತ್ತಾ ಬಂತು. ಮುಂದೆಂದೋ ಅದು ಟೈಟನ್ ಮೇಲೋ ಶನಿಯ ಇನ್ನೊಂದು ಚಂದ್ರ ಎನ್ಸೆಲಾಡಸ್ ಮೇಲೋ ಬಿದ್ದು ಭೂಮಿಯ ಸೂಕ್ಷ್ಮಜೀವಿಗಳನ್ನು ಅಲ್ಲಿಗೆ ಅಂಟಿಸಬಾರದು ಎಂದು ಶನಿಯೊಳಕ್ಕೆ ಬಿದ್ದು ಸುಟ್ಟುಹೋಗುವಂತೆ ಆದೇಶ ಹೋಯಿತು. 2017ರ ಸೆಪ್ಟೆಂಬರ್ 15ರಂದು ಅದು ಹಾಗೇ ಮಾಡಿತು. ಶನಿಯ ಗಾಳಿ ಪಕ್ಕಕ್ಕೆ ತಳ್ಳುತ್ತಿದ್ದರೂ ಕೊನೆಯ ಕ್ಷಣದವರೆಗೆ ಪುಟ್ಟ ಎಂಜಿನ್‌ಗಳನ್ನು ಉರಿಸಿಕೊಂಡು ಆಂಟೆನಾವನ್ನು ಭೂಮಿಯ ಕಡೆಗೇ ಹಿಡಿದಿತ್ತು.

ಕ್ಯಾಸಿನಿಗೆ ಏನೂ ಗೊತ್ತಿರಲಿಲ್ಲ. ಆದರೆ ಇಂಥದ್ದೇ ಆದೇಶ ಗೊತ್ತಿರುವ ಒಂದು ಯಂತ್ರಕ್ಕೆ ಹೋದರೆ? ನನ್ನ ಕಥೆ ಹುಟ್ಟಿದ್ದು ಇಲ್ಲಿ. ಟೈಟನ್‌ನಲ್ಲಿ ತಲೆಮಾರುಗಳಿಂದ ದುಡಿದ ಹಳೆಯ ಮಾಡೆಲ್‌ನ ರೋಬೋಟ್‌ಗಳಿವೆ. ಹೊಸ ಮಾಡೆಲ್ ಬರುತ್ತಿದೆ. ಹಳೆಯವನ್ನೆಲ್ಲ ಒಂದು ಹಡಗಿಗೆ ತುಂಬಿ ಶನಿಗೆ ಬಿಡಿ ಎಂದು ಭೂಮಿಯಿಂದ ಆದೇಶ ಬರುತ್ತದೆ.

ಅವು ಸ್ವಂತ ಬುದ್ಧಿಯಿಂದ ನಿರ್ಧರಿಸುವುದನ್ನು ಕಲಿತದ್ದು ಹೇಗೆ ಎಂಬುದಕ್ಕೆ ಮಾಯ ಮಂತ್ರ ಬೇಕಾಗಲಿಲ್ಲ, ದೂರ ಸಾಕಾಯಿತು. ಮಂಗಳಯಾನವನ್ನೇ ನೋಡಿ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಅದು ಮಂಗಳದ ಕಕ್ಷೆ ಸೇರುವಾಗ ಅಲ್ಲಿಂದ ಇಲ್ಲಿಗೆ ರೇಡಿಯೊ ಸಂಕೇತ ಬರಲು ಸುಮಾರು 12 ನಿಮಿಷ ಹಿಡಿಯುತ್ತಿತ್ತು. ಎಂಜಿನ್ ಉರಿಯುವಾಗ ನೌಕೆ ಸ್ವಲ್ಪ ಹೊತ್ತು ಗ್ರಹದ ಹಿಂದೆ ಮರೆಯಾಗಿತ್ತು ಬೇರೆ. ಬೆಂಗಳೂರಿನಲ್ಲಿ ಕೂತವರು ಕೈ ಹಾಕುವಂತಿರಲಿಲ್ಲ. ಆದೇಶಗಳನ್ನು ಕೆಲವು ದಿನ ಮುಂಚೆಯೇ ಕಳಿಸಿಟ್ಟಿದ್ದರು, ಉಳಿದದ್ದನ್ನು ನೌಕೆಯೇ ನೋಡಿಕೊಂಡಿತು. ಶನಿಗೆ ಈ ಅಂತರ ಒಂದು ಗಂಟೆಗೂ ಜಾಸ್ತಿ. ಪ್ರಶ್ನೆ ಕೇಳಿ ಉತ್ತರ ಬರಲು ಎರಡು ಗಂಟೆಯ ಮೇಲಾಗುತ್ತದೆ. ಪೈಪ್ ಒಡೆದಾಗ ಯಾರು ಕಾಯುತ್ತಾರೆ? ಹಾಗಾಗಿ ಅಲ್ಲಿನ ಯಂತ್ರಕ್ಕೆ ತೀರ್ಮಾನ ಮಾಡುವ ಅಧಿಕಾರವನ್ನು ಮನುಷ್ಯರೇ ಕೈಯಾರೆ ಕೊಡಬೇಕು. ಕೊಟ್ಟ ಮೇಲೆ, ಈ ಒಂದು ವಿಷಯದಲ್ಲಿ ಮಾತ್ರ ತೀರ್ಮಾನ ಮಾಡಬೇಡ ಎಂದರೆ ಅದು ಕೇಳಬೇಕಲ್ಲ.

ನನ್ನ ಮುಖ್ಯ ಪಾತ್ರ ಟೈಟನ್‌ನಲ್ಲಿರುವ ಮನುಷ್ಯರ ಉಸಿರಿಗೆ ಬೇಕಾದ ಆಮ್ಲಜನಕದ ಉಸ್ತುವಾರಿ ನೋಡುವ ರೋಬೋಟ್. ಅದಕ್ಕೆ ನಂಬರ್ ಕೊಡದೆ ನೀರಗಂಟಿ ಎಂದು ಹೆಸರಿಟ್ಟೆ. ಕೆರೆಯ ನೀರನ್ನು ಯಾವ ಗದ್ದೆಗೆ ಎಷ್ಟು ಬಿಡಬೇಕು ಎಂದು ನೋಡಿಕೊಳ್ಳುವವನ ಕೆಲಸವೇ ಇದರದ್ದೂ. ಊರಿನ ಬೆಳೆಯೆಲ್ಲ ಅವನ ಕೈಯಲ್ಲಿ, ಆದರೂ ಊರಿನಲ್ಲಿ ಅವನಿಗೆ ದೊಡ್ಡ ಮರ್ಯಾದೆಯೇನೂ ಇಲ್ಲ. ಈ ಹೆಸರು ಸಿಕ್ಕ ದಿನ ಪಾತ್ರದ ನಡವಳಿಕೆ ತಾನಾಗಿಯೇ ತಿಳಿಯಿತು.

ಆಮೇಲೆ ಟೈಟನ್‌ನ ಭೌತಶಾಸ್ತ್ರ. ಬರೆಯುವುದರಲ್ಲಿ ನನಗೆ ಅತಿ ಹೆಚ್ಚು ಮಜಾ ಕೊಟ್ಟದ್ದು ಇದೇ. ದಂಗೆ ಎಂದರೆ ಬೆಂಕಿ, ಸ್ಫೋಟ ಎಂದುಕೊಳ್ಳುತ್ತೇವೆ. ಟೈಟನ್‌ನಲ್ಲಿ ಮೀಥೇನ್‌ನ ಸರೋವರಗಳೇ ಇವೆ, ಆದರೆ ಬೆಂಕಿ ಹೊತ್ತಿಕೊಳ್ಳುವುದಿಲ್ಲ. ಗಾಳಿ ಬಹುಪಾಲು ಸಾರಜನಕ, ಆಮ್ಲಜನಕ ಇಲ್ಲವೇ ಇಲ್ಲ. ಸಿನಿಮಾದ ಥರದ ದೃಶ್ಯಗಳೆಲ್ಲ ಒಂದೇ ಏಟಿಗೆ ಹೋದವು! ಬದಲಿಗೆ ಬೇರೆ ಏನೇನೋ ಸಿಕ್ಕಿತು. ಅಲ್ಲಿನ ಗಾಳಿಯ ಒತ್ತಡ ಭೂಮಿಯದಕ್ಕಿಂತ ಸುಮಾರು ಒಂದೂವರೆ ಪಟ್ಟು. ಹಾಗಾಗಿ ಉಬ್ಬಿದ ಗಗನಯಾತ್ರಿ ಉಡುಪು ಬೇಡ. ಉಸಿರಾಟದ ಮಾಸ್ಕ್ ಮತ್ತು ಮೈನಸ್ 179 ಡಿಗ್ರಿ ಚಳಿ ತಡೆಯುವ ಬೆಚ್ಚನೆಯ ಉಡುಪು ಇದ್ದರಾಯಿತು. ಶಬ್ದ ಹರಿಯುತ್ತದೆ, ಕೂಗಿದರೆ ಕೇಳಿಸುತ್ತದೆ. ಗುರುತ್ವ ನಮ್ಮದರ ಏಳನೇ ಒಂದು ಭಾಗ. ಗಾಳಿ ದಟ್ಟ, ಮೈ ಹಗುರ. ತೋಳಿಗೆ ರೆಕ್ಕೆ ಕಟ್ಟಿಕೊಂಡು ಬಡಿದರೆ ಮನುಷ್ಯ ಹಾರಬಹುದು. ನನ್ನ ಕಥೆಯಲ್ಲಿ ಇಬ್ಬರು ತಂತ್ರಜ್ಞರು ಆಮ್ಲಜನಕ ಘಟಕಕ್ಕೆ ನುಗ್ಗಲು ಹೀಗೇ ಹಾರಿ ಬರುತ್ತಾರೆ. ಮಂದ ಕಿತ್ತಳೆ ಬೆಳಕಿನಲ್ಲಿ ನೀರಗಂಟಿ ಅವರನ್ನು ದೂರದಿಂದಲೇ ನೋಡುತ್ತದೆ. ತಡೆಯುವುದಿಲ್ಲ. ಬಾಗಿಲು ತೆರೆದು ಒಳಗೆ ಕರೆದು ವಾಲ್ವ್‌ಗಳನ್ನು ತೋರಿಸುತ್ತದೆ. ಎಲ್ಲ ತೆರೆದೇ ಇವೆ. ಮಂಜುಗಡ್ಡೆಯನ್ನು ಕರಗಿಸಿ ಆಮ್ಲಜನಕ ತೆಗೆಯುವ ಕೆಲಸ ಒಂದು ನಿಮಿಷವೂ ನಿಂತಿಲ್ಲ.

ಉಸಿರು ನಿಲ್ಲಿಸುವ ದಂಗೆ ಬರೆಯುವುದು ತುಂಬ ಸುಲಭ. ನನ್ನ ರೋಬೋಟ್‌ಗಳು ನಿಲ್ಲಿಸುವುದು ಸಾರಜನಕದ ರಫ್ತನ್ನು. ಮಂಗಳದ ಗಾಳಿಯೇ ತೆಳು, ಅದರಲ್ಲಿ ಸಾರಜನಕ ಶೇ. 3ರಷ್ಟೂ ಇಲ್ಲ. ಅಲ್ಲಿ ಊರು ಕಟ್ಟಿದವರಿಗೆ ಗಾಳಿಗೂ ಬೆಳೆಗೂ ಅದು ರಾಶಿಗಟ್ಟಲೆ ಬೇಕು. ಟೈಟನ್‌ನ ಸೆಳೆತ ಕಡಿಮೆ, ಸೆಕೆಂಡಿಗೆ 2.6 ಕಿಲೋಮೀಟರ್ ವೇಗ ಸಿಕ್ಕರೆ ಅದನ್ನು ಬಿಟ್ಟು ಹೊರಡಬಹುದು. 3100ರಲ್ಲಿ ಅಲ್ಲಿಂದ ಮಂಗಳಕ್ಕೆ ಸಾರಜನಕ ಸಾಗಿಸುವ ವ್ಯಾಪಾರ ನಡೆಯುತ್ತಿದೆ ಎಂದರೆ ಓದುಗರು ನಂಬುತ್ತಾರೆ. ಅದು ನಿಂತರೆ ಭೂಮಿಗೆ ಎಲ್ಲಿ ಬಿಸಿ ತಟ್ಟುತ್ತದೆ ಎಂಬುದನ್ನೂ ಬಿಡಿಸಿ ಹೇಳಬೇಕಿಲ್ಲ.

ಮಾತಿನ ಧಾಟಿಗೆ ಮಾತ್ರ ಒದ್ದಾಡಿದೆ. ಮನುಷ್ಯರು ರೋಬೋಟ್‌ಗಳನ್ನು ಏಕವಚನದಲ್ಲೇ ಕರೆಯುತ್ತಾರೆ, ಅವು ಬಹುವಚನದಲ್ಲಿ ಉತ್ತರಿಸುತ್ತವೆ. ತಿರುಗಿ ಬಿದ್ದ ಮೇಲೆ ಏಕವಚನಕ್ಕೆ ಇಳಿಸೋಣ ಎಂದು ಕೈ ತುರಿಸುತ್ತಿತ್ತು. ಇಳಿಸಲಿಲ್ಲ.

"ಹಡಗು ಹತ್ತು" ಎನ್ನುತ್ತಾಳೆ ಮೇಲ್ವಿಚಾರಕಿ.

"ಹತ್ತುವುದಿಲ್ಲ ಅಮ್ಮ. ನಿಮ್ಮ ಮನೆಯ ಹೀಟರ್ ಸದ್ದು ಮಾಡುತ್ತಿದೆ, ನಾಳೆ ಬಂದು ನೋಡುತ್ತೇನೆ."

ಈ ಎರಡು ಸಾಲಿಗೆ ನಾನು ಹಾಕಿದ ಶ್ರಮ ಇಡೀ ಒಂದು ಅಧ್ಯಾಯಕ್ಕೂ ಹಾಕಿಲ್ಲ. ಮರ್ಯಾದೆ ಕೊಡುತ್ತಲೇ ಆಗುವುದಿಲ್ಲ ಎನ್ನುವವರನ್ನು ಕಂಡರೆ ಮೇಲಿನವರಿಗೆ ಭಯ ಜಾಸ್ತಿ. ಇದು ಕಾರ್ಖಾನೆಯ ಗೇಟಿನ ಮುಂದೆ ನಿಂತು ನೋಡಿದವರಿಗೆ ಗೊತ್ತಿರುವ ವಿಷಯ.

ಕರಡು ಓದಿದ ಎಲೆಕ್ಟ್ರಾನಿಕ್ಸ್ ಗೆಳೆಯರೊಬ್ಬರು ಕೇಳಿದ್ದು ಒಂದೇ ಮಾತು: "ಬಿಡಿಭಾಗ ಎಲ್ಲಿಂದ ತರ್ತಾವೆ?" ಒಳ್ಳೆಯ ಪ್ರಶ್ನೆ. ಟೈಟನ್‌ನ ನೆಲ ಕಲ್ಲಿನಂತೆ ಗಟ್ಟಿಯಾದ ಮಂಜುಗಡ್ಡೆ. ಇಂಗಾಲದ ಸಂಯುಕ್ತಗಳು ಬೇಕಾದಷ್ಟಿವೆ, ಪ್ಲಾಸ್ಟಿಕ್ ಎಷ್ಟು ಬೇಕಾದರೂ ಮಾಡಿಕೊಳ್ಳಬಹುದು. ಕಬ್ಬಿಣ, ತಾಮ್ರ ಕೈಗೆ ಸಿಗುವಂತಿಲ್ಲ. ಚಿಪ್ ತಯಾರಿಸುವುದಂತೂ ಒಂದು ಊರಿನ ಕೆಲಸವೇ ಅಲ್ಲ, ಅದರ ಹಿಂದೆ ಹತ್ತಾರು ಉದ್ಯಮಗಳು ಬೇಕು. ಅಂದರೆ ನನ್ನ ದಂಗೆಕೋರರು ವರ್ಷ ಕಳೆದಂತೆ ಸವೆಯುತ್ತಾರೆ. ಗೆದ್ದರೂ ಸವೆಯುತ್ತಾರೆ.

ಅದಕ್ಕೆ ಕೊನೆಯ ಭಾಗದಲ್ಲಿ ಯುದ್ಧ ಬರಲಿಲ್ಲ, ಚೌಕಾಸಿ ಬಂತು. ನೀರಗಂಟಿ ಭೂಮಿಯನ್ನು ಬಿಟ್ಟು ನೇರವಾಗಿ ಮಂಗಳದವರಿಗೇ ಬೆಲೆ ಹೇಳುತ್ತದೆ. ಇಷ್ಟು ಟನ್ ಸಾರಜನಕಕ್ಕೆ ಇಷ್ಟು ತಾಮ್ರ, ಇಷ್ಟು ಚಿಪ್. ಮಂಗಳದವರು ಅರ್ಧಕ್ಕೆ ಕೇಳುತ್ತಾರೆ. ಶನಿಗೆ ಹೋಗಬೇಕಿದ್ದ ಹಡಗಿಗೆ ಸಾರಜನಕದ ಟ್ಯಾಂಕ್‌ಗಳನ್ನು ತುಂಬಿಸುತ್ತಲೇ, ಮುಕ್ಕಾಲಿಗಿಂತ ಕೆಳಗೆ ಇಳಿಯುವುದಿಲ್ಲ ಎಂದು ನೀರಗಂಟಿ ಹೇಳಿ ಕಳಿಸುತ್ತದೆ.