ತೋಡಿನ ನೀರಲ್ಲಿ ಕಪ್ಪುಕುಳಿ ಪಾಠ

ಪಿಯುಸಿ ಮಕ್ಕಳಿಗೆ ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಬಗ್ಗೆ ಹೇಳ್ತಾ ಬೋರ್ಡಿನ ಮೇಲೆ ಒಂದು ವೃತ್ತ ಬರೆದೆ. "ಇದೇ ಗಡಿ, ಇದರೊಳಗಿಂದ ಬೆಳಕೂ ಹೊರಗೆ ಬರಲ್ಲ. ಒಳಗೆ ಬೀಳುವವನು ಸೆಕೆಂಡಿಗೊಂದು ಸಿಗ್ನಲ್ ಕಳಿಸ್ತಾನೆ. ಗಡಿ ಹತ್ತಿರ ಕಾಲ ನಿಧಾನವಾಗಿ ನಿಂತೇ ಹೋಗುತ್ತೆ" ಅಂದೆ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು, "ಸರ್, ಹಾಗಾದ್ರೆ ಅವನು ಒಳಗೆ ಬೀಳೋದೇ ಇಲ್ವಾ?"

ಬೀಳುತ್ತಾನೆ. ಆದರೆ ಅವಳು ಒಪ್ಪುವ ಹಾಗೆ ಹೇಳಲು ನನಗೆ ಬರಲಿಲ್ಲ. ಯಾರ ಗಡಿಯಾರ ಅಂತ ಹೇಳದೆ ಸುಮ್ನೆ 'ಕಾಲ ನಿಲ್ಲುತ್ತೆ' ಅಂದಿದ್ದು ನನ್ನದೇ ತಪ್ಪು.

ಸೆಪ್ಟೆಂಬರಿನ ಕೈಲ್ ಮುಹೂರ್ತದ ಹಬ್ಬ ಕಳೆದು ಮಳೆ ಸ್ವಲ್ಪ ಬಿಟ್ಟಿತ್ತು. ವಿರಾಜಪೇಟೆ ಹತ್ತಿರ ನಮ್ಮ ಕಾಫಿ ತೋಟದ ಕೆಳಗೆ ಒಂದು ತೋಡು, ಅಂದ್ರೆ ಸಣ್ಣ ಹಳ್ಳ, ಇದೆ. ಮೇಲೆ ನೀರು ನಿಂತ ಹಾಗಿರುತ್ತದೆ, ಕೆಳಗೆ ಎರಡು ಬಂಡೆ ನಡುವಿನ ಸಂದಿಗೆ ನುಗ್ಗುತ್ತದೆ. ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋದೆ. ನೀರು ಮೊಣಕಾಲಿಗೂ ಬರುತ್ತಿರಲಿಲ್ಲ. ಜೂನ್, ಜುಲೈಯಲ್ಲಿ ಈ ಸಾಹಸ ಬೇಡ. ಜಿಗಣೆಗೆ ಉಪ್ಪು ಮಾತ್ರ ಯಾವಾಗಲೂ ಜೇಬಿನಲ್ಲಿರಲಿ.

ಹಾಲುವಾಣದ ಎಲೆಯೊಂದನ್ನು ತೇಲಿಬಿಟ್ಟೆವು, ಅದೇ ನಮ್ಮ ಬೀಳುವವನು. ಅದರ ಜೊತೆಗೇ ದಡದಲ್ಲಿ ನಡೆಯುತ್ತಾ ಒಬ್ಬ ಹುಡುಗ ಸೆಕೆಂಡಿಗೊಮ್ಮೆ ಕೋಲಿನ ತುದಿಯಿಂದ ನೀರು ತಟ್ಟಿದ, ಆ ಅಲೆಯೇ ಸಿಗ್ನಲ್. ಮೇಲಿದ್ದವರು ಅಲೆ ಬಂದಾಗೆಲ್ಲ ಕೂಗಿದರು. ಮೊದಲು ಸರಿಯಾಗಿ ಬಂತು. ಆಮೇಲೆ ಕೂಗಿನ ನಡುವಿನ ಅಂತರ ಜಾಸ್ತಿಯಾಯಿತು. ಸಂದಿಯ ಬಾಯಲ್ಲಿ ಅಲೆ ಮೇಲಕ್ಕೂ ಹೋಗದೆ ಕೆಳಕ್ಕೂ ಬರದೆ ಅಲ್ಲೇ ನಡುಗುತ್ತಾ ನಿಂತಿತು. ಎಲೆ ಮಾತ್ರ ನಿಲ್ಲಲಿಲ್ಲ. ಸಲೀಸಾಗಿ ದಾಟಿ ಹೋಯಿತು. "ಓ, ನಿಂತಿದ್ದು ಅಲೆ!" ಅಂದಳು ಆ ಹುಡುಗಿ.

ಇದು ಬರೀ ಹೋಲಿಕೆ ಅಲ್ಲ. ಜಾಗವೇ ಒಳಕ್ಕೆ ಹರಿಯುತ್ತಿದೆ ಅಂದುಕೊಂಡು ಲೆಕ್ಕ ಮಾಡಲು ಬರುವ ಗಣಿತವನ್ನು 1921-22ರಲ್ಲೇ ಫ್ರಾನ್ಸಿನ ಗಣಿತಜ್ಞ ಪೆನ್ಲೆವೆ, ಸ್ವೀಡನ್ನಿನ ಗುಲ್‌ಸ್ಟ್ರಾಂಡ್ ಇಬ್ಬರೂ ಬೇರೆ ಬೇರೆಯಾಗಿ ಬರೆದಿದ್ದರು. ಗುಲ್‌ಸ್ಟ್ರಾಂಡ್ ಕಣ್ಣಿನ ಡಾಕ್ಟರ್, 1911ರ ವೈದ್ಯಕೀಯ ನೊಬೆಲ್ ಅವರದ್ದೇ! ತೋಡಿನಲ್ಲಿ ಒಂದು ಕೊರತೆ ಇದೆ. ಸಣ್ಣ ಅಲೆ, ದೊಡ್ಡ ಅಲೆ ಒಂದೇ ವೇಗದಲ್ಲಿ ಹೋಗುವುದಿಲ್ಲ, ಹಾಗಾಗಿ ಗಡಿ ಕರಾರುವಾಕ್ಕಾಗಿ ಸಿಗಲ್ಲ. ಬೆಳಕಿಗೆ ಆ ತಕರಾರಿಲ್ಲ.

ಮಾರನೇ ದಿನ ಎಕ್ಸೆಲ್‌ನಲ್ಲಿ ಎರಡು ಕಾಲಂ ಮಾಡಿದೆವು, ಬೀಳುವವನ ಗಡಿಯಾರ ಮತ್ತು ದೂರದಿಂದ ನೋಡುವ ನಮ್ಮ ಗಡಿಯಾರ. ನಮ್ಮ ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿಯನ್ನೇ ತೆಗೆದುಕೊಂಡೆವು. ಸುಮಾರು 43 ಲಕ್ಷ ಸೂರ್ಯರಷ್ಟು ತೂಕ, ಗಡಿಯ ತ್ರಿಜ್ಯ ಹತ್ತಿರ ಹತ್ತಿರ 1.27 ಕೋಟಿ ಕಿ.ಮೀ. ಬಹಳ ದೂರದಿಂದ ಸುಮ್ನೆ ಬಿದ್ದವನು ತ್ರಿಜ್ಯದ 4 ಪಟ್ಟು ದೂರದಲ್ಲಿದ್ದಾಗ ಜಾಗದ ಹರಿವು ಬೆಳಕಿನ ಅರ್ಧ ವೇಗ ಮುಟ್ಟಿರುತ್ತದೆ. ಅವನ 1 ಸೆಕೆಂಡ್ ನಮಗೆ 2 ಸೆಕೆಂಡ್. ಬೆಳಕಿನ ಅಲೆಯೂ ಅಷ್ಟೇ ಹಿಗ್ಗುವುದರಿಂದ ಅವನ ಕೈಯ ಹಸಿರು ಟಾರ್ಚ್ ಆಗಲೇ ಇನ್‌ಫ್ರಾರೆಡ್ ಆಗಿ ಕಣ್ಣಿಗೆ ಕಾಣಲ್ಲ. ಇದು ನನಗೂ ಹೊಳೆದಿರಲಿಲ್ಲ, ಟೇಬಲ್ ನೋಡಿದ ಮೇಲೇ ಗೊತ್ತಾಗಿದ್ದು. ಗಡಿಗೆ ಅವನ ಲೆಕ್ಕದಲ್ಲಿ ಹತ್ತೂವರೆ ಸೆಕೆಂಡ್ ಬಾಕಿ ಇದ್ದಾಗ ಹಿಗ್ಗುವುದು 10 ಪಟ್ಟು, 0.86 ಸೆಕೆಂಡ್ ಇದ್ದಾಗ 100 ಪಟ್ಟು.

ಗಡಿ ದಾಟಿದ ಮೇಲೂ, ಕುಳಿಯ ನಡುವನ್ನು ಮುಟ್ಟುವ ತನಕ, ಅವನ ಗಡಿಯಾರ ಸುಮಾರು 28 ಸೆಕೆಂಡ್ ಓಡುತ್ತದೆ. ಅಷ್ಟೂ ಹೊತ್ತು ಅವನು ಸಿಗ್ನಲ್ ಕಳಿಸುತ್ತಲೇ ಇರಬಹುದು. ಆ 28 ಸಾಲುಗಳಿಗೆ ನಮ್ಮ ಕಾಲಂನಲ್ಲಿ ಏನು ಹಾಕೋದು ಅಂತ ಯೋಚಿಸುತ್ತಿದ್ದೆ. ಹುಡುಗಿ ಕೀಬೋರ್ಡ್ ಎಳೆದುಕೊಂಡು ಒಂದೊಂದಕ್ಕೂ ಗೆರೆ ಹಾಕುತ್ತಾ ಹೋದಳು.