ಕಟ್ಟಡ ಕೆಡವುವ ಆದೇಶ ಬಂದಾಗ: ಮೇಲ್ಮನವಿಯ ಜತೆಗೇ ತಡೆಯಾಜ್ಞೆ ಕೇಳುವ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಪಂಚಾಯತಿಯ ನೋಟಿಸು ಎಷ್ಟೋ ಸಲ ಮಲಯಾಳದಲ್ಲಿ ಬರುತ್ತದೆ. ಓದಿ ಹೇಳುವವರು ಸಿಗಲಿ ಎಂದು ಅದನ್ನು ಕಪಾಟಿನಲ್ಲಿಟ್ಟರೆ ವಾಯಿದೆ ನಿಲ್ಲುವುದಿಲ್ಲ. ಅಂದೇ ಓದಿಸಿಕೊಳ್ಳಿ, ಲಕೋಟೆಯನ್ನೂ ಎಸೆಯಬೇಡಿ, ಏಕೆಂದರೆ ನೋಟಿಸು ನಿಮಗೆ ಯಾವಾಗ ತಲುಪಿತೆಂಬ ವಾದ ಎದ್ದಾಗ ಅದರ ಮೇಲಿನ ಅಂಚೆಮುದ್ರೆಯೇ ಸಾಕ್ಷಿ.

ಕೈಯಲ್ಲಿರುವ ಕಾಗದ ಯಾವುದೆಂದು ಮೊದಲು ತಿಳಿಯಬೇಕು. ಕೇರಳ ಪಂಚಾಯತ್ ರಾಜ್ ಕಾಯ್ದೆ, 1994ರ 235ಡಬ್ಲ್ಯು ಕಲಮಿನಂತೆ (ನಗರಸಭೆಯಾದರೆ ಮುನಿಸಿಪಾಲಿಟಿ ಕಾಯ್ದೆಯ 406ನೇ ಕಲಮು) ಕಾರ್ಯದರ್ಶಿ ಮೊದಲು ತಾತ್ಕಾಲಿಕ ಆದೇಶ ಹೊರಡಿಸಿ ಕಾರಣ ಕೇಳುತ್ತಾರೆ. ನಿಮ್ಮ ಉತ್ತರ ನೋಡಿದ ಮೇಲೆ ಅದನ್ನು ಖಾಯಂ ಮಾಡುತ್ತಾರೆ ಅಥವಾ ಬದಲಿಸುತ್ತಾರೆ. ತಾತ್ಕಾಲಿಕ ಆದೇಶಕ್ಕೆ ಉತ್ತರ ಬರೆಯದೆ ಬಿಟ್ಟವರ ಮೇಲ್ಮನವಿ ಆರಂಭದಲ್ಲೇ ಬಡವಾಗುತ್ತದೆ. ಉತ್ತರವನ್ನು ಕನ್ನಡದಲ್ಲೇ ಕೊಡಬಹುದು, ಸಂವಿಧಾನದ 350ನೇ ವಿಧಿ ಆ ಹಕ್ಕನ್ನು ಕೊಟ್ಟಿದೆ. ಆದರೆ ಪ್ರತಿಯ ಮೇಲೆ ಕಚೇರಿಯ ಮುದ್ರೆ ಮತ್ತು ತಾರೀಕು ಹಾಕಿಸದೆ ಹಿಂದಿರುಗಬೇಡಿ.

ಅಂತಿಮ ಆದೇಶದ ವಿರುದ್ಧ ತಿರುವನಂತಪುರದಲ್ಲಿರುವ ಸ್ಥಳೀಯಾಡಳಿತ ಸಂಸ್ಥೆಗಳ ಟ್ರಿಬ್ಯೂನಲ್‌ಗೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ: ಮೇಲ್ಮನವಿಗೆ ನಂಬರ್ ಬಿದ್ದ ಮಾತ್ರಕ್ಕೆ ಜೆಸಿಬಿ ನಿಲ್ಲುವುದಿಲ್ಲ. ತಡೆಯಾಜ್ಞೆಗೆ ಬೇರೆಯೇ ಅರ್ಜಿ ಹಾಕಿ, ಅದರ ಮೇಲೆ ಆದೇಶ ಪಡೆಯಬೇಕು. ಆ ಅರ್ಜಿಯಲ್ಲಿ ಕಣ್ಣೀರಿಗಿಂತ ಅಳತೆ ಹೆಚ್ಚಿರಲಿ. ಪರ್ಮಿಟ್ ಪಡೆದು ಕಟ್ಟಿದ ಮುರಕಲ್ಲಿನ ಮನೆಯ ಮುಂದೆ ನಂತರ ಶೀಟು ಹಾಸಿ ಕಟ್ಟಿದ ಜಗಲಿ ಮಾತ್ರ ಅಧಿಸೂಚಿತ ರಸ್ತೆಯ 3 ಮೀಟರ್ ಗಡಿಯೊಳಗೆ ಬಂದಿದೆ ಎಂದಿಟ್ಟುಕೊಳ್ಳಿ. ಜಗಲಿ ಎಷ್ಟು ಸೆಂಟಿಮೀಟರ್ ಒಳಬಂದಿದೆ, ಉಳಿದ ಮನೆ ನಕ್ಷೆಯಂತೆಯೇ ಇದೆಯೆ, ಒಳಗೆ ಯಾರೆಲ್ಲ ವಾಸವಿದ್ದಾರೆ, ಈಗ ಕೆಡವಿದರೆ ಮುಂದೆ ಮೇಲ್ಮನವಿ ಗೆದ್ದರೂ ಮರಳಿ ಪಡೆಯಲಾಗದ್ದು ಯಾವುದು ಎಂಬುದನ್ನು ಬರೆದು, ಪರ್ಮಿಟ್, ನಕ್ಷೆ ಮತ್ತು ನಾಲ್ಕೂ ಬದಿಯ ಫೋಟೋ ಲಗತ್ತಿಸಬೇಕು. ಜಗಲಿಯನ್ನು ತಾವೇ ತೆಗೆಯುವುದಾಗಿ ಒಪ್ಪಿಕೊಂಡು ಮನೆಗೆ ರಕ್ಷಣೆ ಕೇಳುವುದು, ಎಲ್ಲವನ್ನೂ ನಿರಾಕರಿಸುವುದಕ್ಕಿಂತ ಜಾಣತನವೆಂದು ನನ್ನ ಎಣಿಕೆ. ತೆರಿಗೆ ರಶೀದಿಯನ್ನೇ ನಂಬಬೇಡಿ, ಯು.ಎ. ನಂಬರ್ (ಅನಧಿಕೃತ ಕಟ್ಟಡಕ್ಕೆ ಕೊಡುವ ನಂಬರ್) ಮೇಲೆ ತೆರಿಗೆ ಕಟ್ಟಿದರೆ ಕಟ್ಟಡ ಸಕ್ರಮವಾಗುವುದಿಲ್ಲ.

ಈ ನಡುವೆ ಸ್ವಲ್ಪ ಉಸಿರಾಡಲು ಸುಪ್ರೀಂ ಕೋರ್ಟಿನ 2024ರ ನವೆಂಬರ್ 13ರ ತೀರ್ಪು ಅವಕಾಶ ಕೊಟ್ಟಿದೆ. ಅದರಂತೆ ಮುಂಚಿತ ನೋಟಿಸು, ಖುದ್ದು ವಿಚಾರಣೆ ಮತ್ತು ಕಾರಣ ಬರೆದ ಆದೇಶವಿಲ್ಲದೆ ಕೆಡವುವಂತಿಲ್ಲ; ಅಂತಿಮ ಆದೇಶ ತಲುಪಿದ ಮೇಲೂ 15 ದಿನ ಅದನ್ನು ಜಾರಿಗೊಳಿಸುವಂತಿಲ್ಲ. ಆದರೆ ರಸ್ತೆ, ಕಾಲುದಾರಿಯಂಥ ಸಾರ್ವಜನಿಕ ಸ್ಥಳ, ರೈಲುಹಳಿಯ ಅಂಚು, ಹೊಳೆ ಅಥವಾ ಜಲಾಶಯಗಳ ಮೇಲಿನ ಅತಿಕ್ರಮಣಕ್ಕೂ ನ್ಯಾಯಾಲಯವೇ ಕೆಡವಲು ಹೇಳಿದ ಪ್ರಕರಣಕ್ಕೂ ಈ ರಕ್ಷಣೆ ಸಲ್ಲುವುದಿಲ್ಲ. ಗಮನಿಸಿ: ಮೇಲ್ಮನವಿಗೆ 30 ದಿನವಿದ್ದರೂ ಈ ತಡೆ 15 ದಿನಕ್ಕೆ ಮುಗಿಯುತ್ತದೆ. ಆದ್ದರಿಂದ ನಿಮ್ಮ ನಿಜವಾದ ವಾಯಿದೆ ಮೊದಲ ಎರಡು ವಾರ.

ಟ್ರಿಬ್ಯೂನಲ್ ಅರ್ಜಿಯನ್ನು ಕೈಗೆತ್ತಿಕೊಳ್ಳುವ ಮೊದಲೇ ಯಂತ್ರ ಬರುವ ಸೂಚನೆಯಿದ್ದರೆ ಸಂವಿಧಾನದ 226ನೇ ವಿಧಿಯಡಿ ಎರ್ನಾಕುಳಂನ ಹೈಕೋರ್ಟಿಗೆ ಹೋಗಬಹುದು. ಟ್ರಿಬ್ಯೂನಲ್ ಇರುವಾಗ ಇಲ್ಲಿಗೇಕೆ ಬಂದಿರಿ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಮೇಲ್ಮನವಿ ಈಗಾಗಲೇ ಸಲ್ಲಿಸಿದ್ದರೆ, ತಡೆ ಅರ್ಜಿ ಇತ್ಯರ್ಥವಾಗುವವರೆಗೆ ಮಾತ್ರ ಕೆಡವದಿರಲಿ ಎಂಬ ಸಣ್ಣ ಬೇಡಿಕೆಯನ್ನು ಮುಂದಿಡಲು ಸುಲಭ.

ತಡೆಯಾಜ್ಞೆ ಸಿಕ್ಕ ಮೇಲೆ ಇನ್ನೊಂದು ಸಾಲು ಕಲ್ಲನ್ನೂ ಏರಿಸಬೇಡಿ. ಆದೇಶದಲ್ಲಿ ‘ಮುಂದಿನ ವಿಚಾರಣೆಯವರೆಗೆ’ ಎಂದಿದ್ದರೆ ಆ ದಿನ ಅದನ್ನು ಮುಂದುವರಿಸಿಕೊಳ್ಳಲು ವಕೀಲರಿಗೆ ನೆನಪಿಸಬೇಕು. ಹೈಕೋರ್ಟಿನ ತಡೆ ಆರು ತಿಂಗಳಿಗೆ ತಾನಾಗಿ ಬಿದ್ದುಹೋಗುತ್ತದೆ ಎಂದು ಯಾರಾದರೂ ಹೆದರಿಸಿದರೆ, ಆ ನಿಯಮವನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ಫೆಬ್ರವರಿ 29ರಂದು ತೆಗೆದುಹಾಕಿದೆ ಎಂದು ತಿಳಿಸಿ. ಆದೇಶದ ಪ್ರತಿಯನ್ನು ವಕೀಲರು ಕಳಿಸುತ್ತಾರೆಂದು ಕಾಯದೆ, ಅದೇ ದಿನ ಪಂಚಾಯತಿಗೂ ಪೊಲೀಸ್ ಠಾಣೆಗೂ ಕೈಯಾರೆ ಕೊಟ್ಟು ಸಹಿ ಪಡೆಯಿರಿ. ಇನ್ನೊಂದು ಪ್ರತಿ ಮನೆಯಲ್ಲಿ, ಹಗಲು ಹೊತ್ತು ಮನೆಯಲ್ಲೇ ಇರುವವರ ಕೈಗೆ ಸಿಗುವಂತಿರಲಿ.