ಪಿಎಂ ಕಿಸಾನ್ ದುಡ್ಡು ಬಂದಿಲ್ವಾ? ಎಲ್ಲಿ ಸಿಕ್ಕಾಕೊಂಡಿದೆ ಅಂತ ಹೀಗೆ ನೋಡ್ಕೊಳ್ಳಿ

ಕಂತು ಬಿತ್ತು ಅಂತ ಊರೆಲ್ಲಾ ಸುದ್ದಿ, ಪಕ್ಕದ ಹೊಲದವರಿಗೆ ಮೆಸೇಜೂ ಬಂದಿದೆ, ನಮಗೆ ಮಾತ್ರ ಇಲ್ಲ ಅಂದಾಗ ಎಲ್ಲರೂ ಮೊದಲು ಓಡೋದು ಬ್ಯಾಂಕಿಗೆ. ಬ್ಯಾಂಕ್ ಆಮೇಲೆ. ಮೊದಲು ಪಹಣಿ ತೆಗೆದು ಯಾರ ಹೆಸರಿದೆ ನೋಡಿ, ಯಾಕಂದ್ರೆ ಈ ದುಡ್ಡು ಉಳೋರಿಗಲ್ಲ, ಪಹಣಿಲಿ ಹೆಸರಿರೋರಿಗೆ. ಗೇಣಿಗೆ ಹೊಲ ಮಾಡೋರಿಗೆ ಒಂದು ರೂಪಾಯಿನೂ ಇಲ್ಲ, ಪಟ್ಟಣದಲ್ಲಿದ್ದು ಜಾತ್ರೆಗೆ ಮಾತ್ರ ಊರಿಗೆ ಬರೋ ಮಾಲೀಕರಿಗೆ, ಇನ್‌ಕಮ್ ಟ್ಯಾಕ್ಸ್ ಕಟ್ಟೋರಲ್ಲದಿದ್ರೆ, ಬರಬಹುದು. ನನಗಂತೂ ಇದು ಸರಿ ಅನ್ಸಲ್ಲ, ಆದ್ರೆ ರೂಲ್ ಇರೋದೇ ಹಾಗೆ.

ಲೆಕ್ಕ ಇಷ್ಟೇ: ವರ್ಷಕ್ಕೆ 6000, 2000ದಂತೆ ಮೂರು ಕಂತು. ಗಂಡ, ಹೆಂಡತಿ, ಮೈನರ್ ಮಕ್ಕಳು ಸೇರಿ ಒಂದು ಕುಟುಂಬ, ಒಬ್ಬರಿಗೇ ದುಡ್ಡು. ಮುಂಚೆ ರಾಜ್ಯದವರು 4000 ಸೇರಿಸ್ತಿದ್ರು, ಈಗ ನಿಂತಿದೆ, ಅದಕ್ಕೆ ಕಾಯ್ಬೇಡಿ.

ಪಹಣಿ ಇನ್ನೂ ತಾತನ ಹೆಸರಲ್ಲೇ ಇದ್ರೆ ಅಲ್ಲೇ ನಿಂತೋಯ್ತು. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಕೊಂಡು ನಾಡಕಚೇರಿಲಿ ಪೌತಿ ಖಾತೆಗೆ, ಅಂದ್ರೆ ತೀರಿಕೊಂಡೋರ ಜಮೀನು ವಾರಸುದಾರರ ಹೆಸರಿಗೆ ಮಾಡ್ಸೋಕೆ, ಅರ್ಜಿ ಹಾಕಿ. 2019ರ ಫೆಬ್ರವರಿ 1ರ ನಂತರ ಕೊಂಡ ಜಮೀನಿಗೆ ದುಡ್ಡಿಲ್ಲ, ವಾರಸಿನಿಂದ ಬಂದಿದ್ರೆ ಮಾತ್ರ ಉಂಟು.

ಆಮೇಲೆ ಎಫ್‌ಐಡಿ, ಅಂದ್ರೆ ನಮ್ಮ ರಾಜ್ಯದ ರೈತರ ನೋಂದಣಿ ವ್ಯವಸ್ಥೆಯಾದ ಫ್ರೂಟ್ಸ್‌ನಲ್ಲಿ ಸಿಗೋ ನಂಬರ್. ಆಧಾರ್, ಪಹಣಿ, ಪಾಸ್‌ಬುಕ್ ತಗೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋದ್ರೆ ಮಾಡಿಕೊಡ್ತಾರೆ. ನಿಮ್ಮ ಎಲ್ಲಾ ಸರ್ವೆ ನಂಬರೂ ಸೇರಿದ್ಯಾ ಅಂತ ಅಲ್ಲೇ ನಿಂತು ಕೇಳಿ, ಬೆಳೆ ಪರಿಹಾರಕ್ಕೂ ಇದೇ ಎಫ್‌ಐಡಿ ಬೇಕಾಗುತ್ತೆ.

ಈಗ ಪಿಎಂ ಕಿಸಾನ್ ಪೋರ್ಟಲ್ಲಲ್ಲಿ ರಿಜಿಸ್ಟ್ರೇಷನ್ ನಂಬರ್ ಹಾಕಿ ಸ್ಟೇಟಸ್ ನೋಡಿ. ಲ್ಯಾಂಡ್ ಸೀಡಿಂಗ್ (ಜಮೀನಿನ ದಾಖಲೆ ಜೋಡಣೆ), ಇ-ಕೆವೈಸಿ (ಗುರುತಿನ ಖಾತ್ರಿ), ಆಧಾರ್ ಬ್ಯಾಂಕ್ ಸೀಡಿಂಗ್ ಅಂತ ಮೂರು ಸಾಲು ಕಾಣುತ್ತೆ, ಮೂರರ ಮುಂದೂ ಯೆಸ್ ಇರ್ಬೇಕು. ಲ್ಯಾಂಡ್ ಸೀಡಿಂಗ್ ನೋ ಅಂತಿದ್ರೆ ಮತ್ತೆ ರೈತ ಸಂಪರ್ಕ ಕೇಂದ್ರ. ಇ-ಕೆವೈಸಿ ಮೊಬೈಲ್ ಓಟಿಪಿಲೇ ಮುಗಿಯುತ್ತೆ, ವಯಸ್ಸಾದೋರ ಬೆರಳಚ್ಚು ಬರ್ತಿಲ್ಲ ಅಂದ್ರೆ ಪಿಎಂ ಕಿಸಾನ್ ಆ್ಯಪಲ್ಲಿ ಮುಖ ತೋರಿಸಿದ್ರೂ ಸಾಕು.

ಹೆಚ್ಚು ಗೋಳಾಡ್ಸೋದು ಮೂರನೇದು. ಕೌಂಟರಲ್ಲಿ ಕೇಳಿದ್ರೆ "ಆಧಾರ್ ಲಿಂಕ್ ಆಗಿದೆ ಹೋಗಿ" ಅಂತಾರೆ, ಅವರು ಹೇಳೋದು ಸುಳ್ಳಲ್ಲ, ಆದ್ರೆ ಅಕೌಂಟಿಗೆ ಆಧಾರ್ ಲಿಂಕ್ ಇರೋದೇ ಬೇರೆ, ಸರ್ಕಾರಿ ದುಡ್ಡು ಬೀಳೋಕೆ ಎನ್‌ಪಿಸಿಐ ಮ್ಯಾಪಿಂಗ್ (ನಿಮ್ಮ ಆಧಾರ್‌ಗೆ ದುಡ್ಡು ಹೋಗ್ಬೇಕಾದ ಬ್ಯಾಂಕ್ ಯಾವ್ದು ಅಂತ ದೇಶದ ಪಾವತಿ ಸಂಸ್ಥೆ ಎನ್‌ಪಿಸಿಐಲಿ ದಾಖಲಾಗೋದು) ಆಗೋದೇ ಬೇರೆ. "ಡಿಬಿಟಿಗೆ (ಸರ್ಕಾರಿ ದುಡ್ಡು ನೇರ ಅಕೌಂಟಿಗೆ ಬೀಳೋದಕ್ಕೆ) ಎನ್‌ಪಿಸಿಐ ಸೀಡಿಂಗ್ ಮಾಡ್ಕೊಡಿ" ಅಂತ ಫಾರಂ ಬರೆದುಕೊಟ್ಟು ಸ್ವೀಕೃತಿ ಇಸ್ಕೊಳ್ಳಿ. ಮೂರೂ ಯೆಸ್ ಇದ್ದು ಕಂತೂ ಜಮಾ ಅಂತ ತೋರಿಸ್ತಿದ್ಯಾ? ಹಾಗಾದ್ರೆ ದುಡ್ಡು ನೀವು ಮರೆತೇ ಹೋದ ಯಾವ್ದೋ ಅಕೌಂಟಲ್ಲಿ ಕೂತಿರಬಹುದು, ಯಾಕಂದ್ರೆ ಆಧಾರ್‌ಗೆ ಕೊನೇದಾಗಿ ಮ್ಯಾಪ್ ಆದ ಬ್ಯಾಂಕಿಗೇ ಅದು ಹೋಗೋದು. ಯಾವ ಬ್ಯಾಂಕು ಅಂತ ಆಧಾರ್ ವೆಬ್‌ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಒತ್ತಿದ್ರೆ ಗೊತ್ತಾಗುತ್ತೆ.

ಸರ್ಕಾರಿ ನೌಕರರು (ಗ್ರೂಪ್ ಡಿ ಬಿಟ್ಟು), ತಿಂಗಳಿಗೆ 10,000 ಅಥವಾ ಅದಕ್ಕಿಂತ ಹೆಚ್ಚು ಪಿಂಚಣಿ ತಗೊಳ್ಳೋರು, ಟ್ಯಾಕ್ಸ್ ಕಟ್ಟೋರು, ಪ್ರಾಕ್ಟೀಸ್ ಮಾಡೋ ಡಾಕ್ಟ್ರು ಲಾಯರ್‌ಗಳಿಗೆ ಇದು ಇಲ್ಲ. ಮಗನಿಗೆ ನೌಕರಿ ಇದೆ ಅಂತ ಅಪ್ಪಂಗೆ ತಪ್ಪಲ್ಲ, ಮೇಜರ್ ಮಗ ಬೇರೆ ಕುಟುಂಬ. ಅರ್ಹತೆ ಇಲ್ದೆ ತಗೊಂಡಿದ್ರೆ ವಾಪಸ್ ಕಟ್ಟೋಕೂ ಪೋರ್ಟಲ್ಲಲ್ಲೇ ಜಾಗ ಇದೆ, ನೋಟಿಸ್ ಬರೋ ತನಕ ಯಾಕೆ ಕಾಯ್ತೀರಿ. ವಾಟ್ಸಾಪಲ್ಲಿ "ಪಿಎಂ ಕಿಸಾನ್" ಅಂತ ಯಾವ್ದಾದ್ರೂ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕೋ ಫೈಲ್) ಬಂದ್ರೆ ಮುಟ್ಟಬೇಡಿ, ಡೌಟಿದ್ರೆ ಹೆಲ್ಪ್‌ಲೈನ್ 155261ಕ್ಕೆ ಫೋನ್ ಮಾಡಿ.